ವಿಮೆಯ ಲೆಕ್ಕ ಕಲಿಯಹೊರಟವರಿಗೆ: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ವಿಮಾ ಕ್ಷೇತ್ರದಲ್ಲಿ ಮುನ್ಸೂಚಕ ದತ್ತಾಂಶ ವಿಶ್ಲೇಷಣೆ, ಅಂದರೆ ಹಿಂದಿನ ಪಾಲಿಸಿ ಮತ್ತು ಕ್ಲೇಮುಗಳ ದಾಖಲೆಯಿಂದ ಮುಂದೆ ಬರಬಹುದಾದ ಕ್ಲೇಮುಗಳನ್ನು ಅಂದಾಜು ಮಾಡುವ ವಿದ್ಯೆ, ಸ್ನಾತಕೋತ್ತರ ಹಂತದಲ್ಲಿ ಕಲಿಯತಕ್ಕದ್ದೇ ಎಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಂಡಿದೆ.

ಪ್ರಶ್ನೆ: ಮಾನ್ಯರೇ, ಗಣಿತ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನ ಓದಿ ಈ ವರ್ಷ ಬಿ.ಎಸ್ಸಿ. ಮುಗಿಸಿದ್ದೇನೆ. ವಿಮಾ ಕಂಪನಿಯಲ್ಲಿ ದತ್ತಾಂಶದ ಕೆಲಸ ಮಾಡುವ ಆಸೆಯಿದೆ. ಖಾಸಗಿ ಸಂಸ್ಥೆಯೊಂದು ‘ಇನ್ಶೂರೆನ್ಸ್ ಅನಲಿಟಿಕ್ಸ್’ ಹೆಸರಿನ ಎರಡು ವರ್ಷದ ಕೋರ್ಸಿಗೆ ಆರು ಲಕ್ಷ ರೂಪಾಯಿ ಕೇಳುತ್ತಿದೆ. ವಿಶ್ವವಿದ್ಯಾಲಯದ ಎಂ.ಎಸ್ಸಿ. ಸಂಖ್ಯಾಶಾಸ್ತ್ರ ಸಾಕಾಗುವುದಿಲ್ಲವೆ? ಆಕ್ಚುಯರಿ (ವಿಮಾಗಣಿತಜ್ಞ) ಪರೀಕ್ಷೆಯನ್ನೂ ಬರೆಯಬೇಕೆ?
— ಪದವೀಧರೆ, ದಾವಣಗೆರೆ

ಉತ್ತರ: ಕೋರ್ಸಿನ ಹೆಸರಿನಲ್ಲಿ ವಿಮೆ ಇದೆಯೇ ಎಂದು ನೋಡುವುದಕ್ಕೆ ಮೊದಲು, ಅದರ ಪ್ರಯೋಗಾಲಯದಲ್ಲಿ ವಿಮೆಯ ದತ್ತಾಂಶ ಇದೆಯೇ ಎಂದು ವಿಚಾರಿಸಿ. ಆ ಸಂಸ್ಥೆಯವರನ್ನು ನೇರವಾಗಿ ಕೇಳಿ: ಹಿಂದಿನ ವರ್ಷದ ವಿದ್ಯಾರ್ಥಿಗಳು ಯಾವ ದತ್ತಾಂಶದ ಮೇಲೆ ಕೆಲಸ ಮಾಡಿದರು, ಅದರಲ್ಲಿ ಪಾಲಿಸಿ ಎಷ್ಟು ದಿನ ಚಾಲ್ತಿಯಲ್ಲಿತ್ತು ಎಂಬ ಕಾಲಂ ಇತ್ತೇ, ಅಪಘಾತ ನಡೆದ ದಿನಾಂಕ ಮತ್ತು ಕ್ಲೇಮು ದಾಖಲಾದ ದಿನಾಂಕ ಬೇರೆ ಬೇರೆಯಾಗಿ ಇದ್ದವೇ? ಈ ಪ್ರಶ್ನೆಗಳಿಗೆ ತಡವರಿಸುವ ಸಂಸ್ಥೆ ಸಾಮಾನ್ಯ ಡೇಟಾ ಸೈನ್ಸ್ ಪಾಠಕ್ಕೆ ವಿಮೆಯ ಹಣೆಪಟ್ಟಿ ಅಂಟಿಸಿದೆ ಎಂದು ತಿಳಿಯಬಹುದು. ಅಂಥ ಕಡೆ ಆರು ಲಕ್ಷ ಕೊಡುವ ಅಗತ್ಯವಿಲ್ಲ.

ಈ ಪ್ರಶ್ನೆಗಳ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಕಂಪನಿಯ ವಾಹನ ವಿಮೆಯ ವಿಭಾಗದಲ್ಲಿ, ಯಾವ ಕಾರಿನವರು ಕ್ಲೇಮು ಮಾಡುತ್ತಾರೆ ಎಂದು ಮುಂಚಿತವಾಗಿ ಹೇಳುವ ಮಾಡೆಲ್ ಒಂದನ್ನು ಕಟ್ಟಿದ್ದೆ. ಅದು ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಹೇಳುತ್ತಿತ್ತು. ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಮೂರನೆಯ ದಿನ, ಕ್ಲೇಮು ವಿಭಾಗದಲ್ಲೇ ಕೂದಲು ಹಣ್ಣಾಗಿದ್ದ ಹಿರಿಯ ಅಧಿಕಾರಿಯೊಬ್ಬರು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತು, ಮಾಡೆಲ್ ಅತ್ಯಂತ ಮುಖ್ಯವೆಂದು ಎತ್ತಿ ತೋರಿಸಿದ್ದ ಕಾಲಮಿನ ಮೇಲೆ ಬೆರಳಿಟ್ಟು, “ಈ ಸರ್ವೇಯರ್ ಕೋಡ್ ಯಾವಾಗ ತುಂಬೋದು ಗೊತ್ತೇನಪ್ಪಾ?” ಎಂದು ಕೇಳಿದರು. ಗಾಡಿ ಗುದ್ದಿಸಿಕೊಂಡು ಕ್ಲೇಮು ದಾಖಲಾದ ಮೇಲಷ್ಟೇ ಹಾನಿಯನ್ನು ಅಳೆಯುವ ಸರ್ವೇಯರ್ ಬರುತ್ತಾನೆ, ಆಗಷ್ಟೇ ಆ ಕೋಡ್ ತುಂಬುತ್ತದೆ. ಆಗಿಹೋದದ್ದನ್ನೇ ನನ್ನ ಮಾಡೆಲ್ ಭವಿಷ್ಯವೆಂದು ಹೇಳುತ್ತಿತ್ತು. ಅಂದಿನಿಂದ ಪ್ರತಿಯೊಂದು ಕಾಲಮನ್ನೂ ಯಾರು, ಯಾವಾಗ, ಯಾವ ಉದ್ದೇಶಕ್ಕೆ ತುಂಬಿದರು ಎಂದು ಕೇಳದೆ ನಾನು ಮುಟ್ಟಿಲ್ಲ. ಈ ಪ್ರಶ್ನೆ ಕೇಳುವ ಅಭ್ಯಾಸವನ್ನು ಕೈಹಿಡಿದು ಮಾಡಿಸುವ ಕೋರ್ಸು ಸಿಕ್ಕರೆ ಅದಕ್ಕೆ ಬೆಲೆಯಿದೆ.

ಇನ್ನು ನಿಮ್ಮ ಎರಡನೆಯ ಆಯ್ಕೆ. ಮಾನಸಗಂಗೋತ್ರಿ, ಧಾರವಾಡ, ಜ್ಞಾನಭಾರತಿ, ಮಂಗಳಗಂಗೋತ್ರಿಯಂಥ ಕಡೆಗಳ ಎಂ.ಎಸ್ಸಿ. ಸಂಖ್ಯಾಶಾಸ್ತ್ರವನ್ನು ಹಳೆಯದೆಂದು ತಳ್ಳಿಹಾಕಬೇಡಿ. ಸಂಭವನೀಯತೆ, ಅಂದಾಜು ಸಿದ್ಧಾಂತ, ರಿಗ್ರೆಷನ್, ಬದುಕುಳಿವಿನ ವಿಶ್ಲೇಷಣೆ ಇವೆಲ್ಲವನ್ನು ಅಲ್ಲಿ ಬುಡದಿಂದ ಕಲಿಸುತ್ತಾರೆ. ವಿಮೆಯ ಲೆಕ್ಕ ನಿಂತಿರುವುದೇ ಇವುಗಳ ಮೇಲೆ. ಕೊರತೆ ಬೀಳುವುದು ವಿಮೆಯ ವ್ಯವಹಾರಜ್ಞಾನ ಮತ್ತು ಕೋಡಿಂಗ್ ಅಭ್ಯಾಸ ಎರಡರಲ್ಲಿ. ಆರ್, ಪೈಥಾನ್ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದನ್ನು ಚೆನ್ನಾಗಿ, ಜೊತೆಗೆ ಕೋಷ್ಟಕಗಳಿಂದ ದತ್ತಾಂಶ ತೆಗೆಯುವ ಎಸ್‌ಕ್ಯುಎಲ್ ಅನ್ನು ತಪ್ಪದೆ ಕಲಿತರೆ ಎರಡನೆಯ ಕೊರತೆ ನೀಗುತ್ತದೆ. ಎಸ್‌ಕ್ಯುಎಲ್ ಅನ್ನು ಹಲವರು ಉಪೇಕ್ಷಿಸುತ್ತಾರೆ. ಆದರೆ ಕಂಪನಿಯಲ್ಲಿ ದತ್ತಾಂಶ ಯಾರೂ ಹಸನು ಮಾಡಿ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ, ಪಾಲಿಸಿಯ ಕೋಷ್ಟಕವನ್ನೂ ಕ್ಲೇಮಿನ ಕೋಷ್ಟಕವನ್ನೂ ನೀವೇ ಜೋಡಿಸಿಕೊಳ್ಳಬೇಕು.

ಆಕ್ಚುಯರಿ ಪರೀಕ್ಷೆಗಳ ಬಗ್ಗೆ ಹೇಳುವುದಾದರೆ, ಭಾರತದಲ್ಲಿ ಇವನ್ನು ನಡೆಸುವ ಸಂಸ್ಥೆ ನವಿ ಮುಂಬಯಿಯ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ. ಅದಕ್ಕೆ 2006ರ ಆಕ್ಚುಯರೀಸ್ ಕಾಯ್ದೆಯ ಬಲವಿದೆ. ಎಸೆಟ್ ಎಂಬ ಪ್ರವೇಶ ಪರೀಕ್ಷೆಯನ್ನು ಪಿಯುಸಿ ಮುಗಿಸಿದವರೂ ಬರೆಯಬಹುದು. ಪೂರ್ಣ ಅರ್ಹತೆಯಾದ ಫೆಲೋ ಆಗುವ ತನಕ ಹೋಗಬೇಕಾದರೆ ಹತ್ತಕ್ಕೂ ಹೆಚ್ಚು ಪತ್ರಿಕೆಗಳಿವೆ, ವರ್ಷಗಟ್ಟಲೆ ಹಿಡಿಯುತ್ತದೆ, ಒಂದೇ ಪತ್ರಿಕೆಯನ್ನು ಎರಡು ಮೂರು ಸಲ ಬರೆಯಬೇಕಾಗಿ ಬಂದರೆ ಎದೆಗುಂದಬಾರದು. ಪ್ರತಿ ವಿಮಾ ಕಂಪನಿಗೂ ಅಪಾಯಿಂಟೆಡ್ ಆಕ್ಚುಯರಿ ಇರಲೇಬೇಕೆಂಬ ನಿಯಮವಿರುವುದರಿಂದ ಆ ಅರ್ಹತೆಯ ತೂಕ ಕಡಿಮೆಯಾಗುವ ಸೂಚನೆ ನನಗೆ ಕಾಣುತ್ತಿಲ್ಲ. ಆದರೂ ನೀವು ಈಗಲೇ ಇಡೀ ದಾರಿಯನ್ನು ಸವೆಸುವ ಪಣ ತೊಡಬೇಕಾಗಿಲ್ಲ. ಎಂ.ಎಸ್ಸಿ. ಓದುತ್ತಲೇ ಸಿಎಸ್1 ಮತ್ತು ಸಿಎಸ್2 ಎಂಬ ಎರಡು ಸಂಖ್ಯಾಶಾಸ್ತ್ರದ ಪತ್ರಿಕೆಗಳನ್ನು ಬರೆಯಿರಿ. ಅವುಗಳ ಒಂದು ಭಾಗವನ್ನು ಕಂಪ್ಯೂಟರಿನಲ್ಲಿ ಆರ್ ಬಳಸಿ ಬಿಡಿಸಬೇಕಾಗುತ್ತದೆ, ಪಠ್ಯವೂ ನಿಮ್ಮ ಎಂ.ಎಸ್ಸಿ.ಯೊಂದಿಗೆ ಬಹುಮಟ್ಟಿಗೆ ಹೊಂದುತ್ತದೆ. ನಿಮ್ಮ ಪರಿಸ್ಥಿತಿಯಲ್ಲಿ ನಾನಿದ್ದರೆ ಮಾಡುತ್ತಿದ್ದದ್ದು ಇದನ್ನೇ: ಸರ್ಕಾರಿ ವಿಶ್ವವಿದ್ಯಾಲಯದ ಎಂ.ಎಸ್ಸಿ., ಈ ಎರಡು ಪತ್ರಿಕೆ, ಮತ್ತು ಒಂದು ಬೇಸಿಗೆ ರಜೆಯನ್ನು ಯಾವುದಾದರೂ ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಕಳೆಯುವುದು.

ಪ್ರಶ್ನೆ: ಆರು ವರ್ಷದಿಂದ ವಿಮೆಗೆ ಸಂಬಂಧಿಸಿದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಗ್ರೇಡಿಯಂಟ್ ಬೂಸ್ಟಿಂಗ್ (ನೂರಾರು ನಿರ್ಣಯ ವೃಕ್ಷಗಳನ್ನು ಒಂದರ ಮೇಲೊಂದು ಕಟ್ಟುವ ಮಾಡೆಲ್), ನ್ಯೂರಲ್ ನೆಟ್‌ವರ್ಕ್ ಎಲ್ಲವನ್ನೂ ಸ್ವಂತವಾಗಿ ಕಲಿತಿದ್ದೇನೆ. ಆದರೆ ನಮ್ಮಲ್ಲಿ ದರ ನಿಗದಿ ಮಾಡುವ ತಂಡದವರು ಇನ್ನೂ ಜಿಎಲ್‌ಎಂ (ಜನರಲೈಸ್ಡ್ ಲೀನಿಯರ್ ಮಾಡೆಲ್) ಎಂಬ ಐವತ್ತು ವರ್ಷದ ಹಿಂದಿನ ವಿಧಾನವನ್ನೇ ಹಿಡಿದು ಕುಳಿತಿದ್ದಾರೆ. ಇದನ್ನು ಕಲಿಯಲು ಸ್ನಾತಕೋತ್ತರ ಪದವಿಗೆ ಸೇರುವುದು ಸಮಯ ವ್ಯರ್ಥವಲ್ಲವೆ?
— ತಂತ್ರಜ್ಞ, ಬೆಂಗಳೂರು

ಉತ್ತರ: ಜಾನ್ ನೆಲ್ಡರ್ ಮತ್ತು ರಾಬರ್ಟ್ ವೆಡರ್‌ಬರ್ನ್ 1972ರಲ್ಲಿ ಪ್ರಕಟಿಸಿದ ಈ ವಿಧಾನ ಹಳೆಯದೆಂಬುದು ನಿಜ. ಅದು ಉಳಿದುಕೊಂಡಿರುವುದು ಅಭ್ಯಾಸಬಲದಿಂದಲ್ಲ, ವಿಮೆಯ ಅಗತ್ಯಕ್ಕೆ ಅಷ್ಟು ಸರಿಯಾಗಿ ಕೂಡುವುದರಿಂದ. ಹೇಗೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಪಾಲಿಸಿಗೆ ಬೀಳಬಹುದಾದ ನಷ್ಟವೆಂದರೆ ಎರಡು ಅಂದಾಜುಗಳ ಗುಣಲಬ್ಧ: ವರ್ಷಕ್ಕೆ ಎಷ್ಟು ಕ್ಲೇಮು ಬರಬಹುದು ಎಂಬುದು ಒಂದು, ಬಂದ ಕ್ಲೇಮು ಸರಾಸರಿ ಎಷ್ಟು ರೂಪಾಯಿಯದು ಎಂಬುದು ಇನ್ನೊಂದು. ಮೊದಲನೆಯದು ಎಣಿಕೆ, ಅದಕ್ಕೆ ಪಾಯ್ಸಾನ್ ಎಂಬ ಸಂಭವನೀಯತೆಯ ಹಂಚಿಕೆ. ಎರಡನೆಯದು ಬಲಕ್ಕೆ ಉದ್ದ ಬಾಲವಿರುವ ಮೊತ್ತ, ಅದಕ್ಕೆ ಗಾಮಾ ಹಂಚಿಕೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕೆಂದರೆ ಟ್ವೀಡಿ ಹಂಚಿಕೆಯಿದೆ; ಈ ಮೂರನ್ನೂ ಜಿಎಲ್‌ಎಂನಲ್ಲಿ ನೇರವಾಗಿ ಕೂರಿಸಬಹುದು. ಸಾವಿರ ಕಾರುಗಳಿಂದ 60 ಕ್ಲೇಮು ಬಂದವು, ಸರಾಸರಿ 25,000 ರೂಪಾಯಿ ಎಂದಿಟ್ಟುಕೊಳ್ಳೋಣ. ನೂರಕ್ಕೆ ಆರು, ಆದ್ದರಿಂದ ಒಂದು ಕಾರಿಗೆ 1,500 ರೂಪಾಯಿ ಎಂದು ಲೆಕ್ಕ ಹಾಕಿ ಹೊಸಬರು ಎದ್ದುಬಿಡುತ್ತಾರೆ. ಆದರೆ ಆ ಸಾವಿರದಲ್ಲಿ ಐನೂರು ಪಾಲಿಸಿಗಳು ವರ್ಷದ ನಡುವೆ ಮಾರಾಟವಾದವು, ಆರೇ ತಿಂಗಳು ನಮ್ಮ ಕಣ್ಣ ಮುಂದೆ ಇದ್ದವು ಎಂದರೆ, ನಾವು ನಿಜವಾಗಿ ನೋಡಿದ್ದು 750 ಕಾರು-ವರ್ಷಗಳನ್ನು ಮಾತ್ರ. ಅರವತ್ತನ್ನು ಏಳುನೂರೈವತ್ತರಿಂದ ಭಾಗಿಸಿದರೆ ನೂರಕ್ಕೆ ಎಂಟಾಗುತ್ತದೆ, ಕಾರಿಗೆ 2,000 ರೂಪಾಯಿ ಆಗುತ್ತದೆ. ಎಕ್ಸ್‌ಪೋಷರ್ ಎಂಬ, ಪಾಲಿಸಿ ಎಷ್ಟು ಕಾಲ ಚಾಲ್ತಿಯಲ್ಲಿತ್ತೆಂದು ಹೇಳುವ ಆ ಒಂದು ಕಾಲಮನ್ನು ಮರೆತದ್ದಕ್ಕೆ ಕಂಪನಿ ತಾನು ವಸೂಲು ಮಾಡಬೇಕಾದ ನಾಲ್ಕು ರೂಪಾಯಿಗಳಲ್ಲಿ ಒಂದು ರೂಪಾಯಿ ಬಿಟ್ಟುಕೊಟ್ಟಂತಾಯಿತು. ಜಿಎಲ್‌ಎಂನಲ್ಲಿ ಎಕ್ಸ್‌ಪೋಷರ್‌ನ ಲಾಗರಿದಮ್ಮನ್ನು ಆಫ್‌ಸೆಟ್ (ಗುಣಾಂಕವನ್ನು ಅಂದಾಜು ಮಾಡದೆ ನೇರವಾಗಿ ಕೂಡುವ ಅಂಶ) ಆಗಿ ಕೂರಿಸುವುದು ಒಂದು ಸಾಲಿನ ಕೆಲಸ.

ಮುಂದಿನ ಗುಣ ಅದರ ಫಲಿತಾಂಶದ ಸ್ವರೂಪದ್ದು. ಮೂಲ ದರ 2,000 ರೂಪಾಯಿ, ಈ ವಯಸ್ಸಿನ ಗಾಡಿಗೆ 1.3ರಿಂದ ಗುಣಿಸು, ಈ ಊರಿಗೆ 0.9ರಿಂದ ಗುಣಿಸು, 2,340 ರೂಪಾಯಿ ಎಂದು ಒಂದು ಹಾಳೆಯ ಮೇಲೆ ಬರೆದು ತೋರಿಸಬಹುದು. ಆ ಹಾಳೆಯನ್ನು ಆಕ್ಚುಯರಿ ಓದಬಹುದು, ನಿಯಂತ್ರಕರು ಓದಬಹುದು, ದೂರು ಹೇಳಿಕೊಂಡು ಬಂದ ಗ್ರಾಹಕನ ಮುಂದೆಯೂ ಇಡಬಹುದು. ನಿಮ್ಮ ಬೂಸ್ಟಿಂಗ್ ಮಾಡೆಲ್ ಸಾವಿರ ಮರಗಳನ್ನು ನೆಟ್ಟು ಇದಕ್ಕಿಂತ ತುಸು ಹೆಚ್ಚು ನಿಖರವಾಗಿ ಹೇಳಬಹುದು, ಆದರೆ ಒಬ್ಬರ ಪ್ರೀಮಿಯಂ ಹೋದ ವರ್ಷಕ್ಕಿಂತ ಏಕೆ ಏರಿತು ಎಂದು ಒಂದು ವಾಕ್ಯದಲ್ಲಿ ಹೇಳಲು ಅದಕ್ಕೆ ಕಷ್ಟವಾಗುತ್ತದೆ. ಹಾಗೆಂದು ನೀವು ಕಲಿತದ್ದು ವ್ಯರ್ಥವಲ್ಲ. ಒಳ್ಳೆಯ ತಂಡಗಳು ಬೂಸ್ಟಿಂಗ್ ಬಳಸಿ, ಯಾವ ಎರಡು ಅಂಶಗಳು ಕೂಡಿದಾಗ ಅಪಾಯ ಹೆಚ್ಚುತ್ತದೆ ಎಂಬುದನ್ನು ಹುಡುಕಿ ತೆಗೆದು, ಅದನ್ನು ಜಿಎಲ್‌ಎಂಗೆ ಸೇರಿಸುತ್ತವೆ. ವಂಚನೆಯ ಕ್ಲೇಮುಗಳನ್ನು ಗುರುತಿಸುವಂಥ ಕೆಲಸದಲ್ಲಿ, ಕೊನೆಯ ತೀರ್ಮಾನ ಹೇಗೂ ಮನುಷ್ಯನದೇ ಆಗಿರುವುದರಿಂದ, ಅದನ್ನೇ ನೇರವಾಗಿ ಬಳಸುತ್ತಾರೆ.

ಸ್ವತಃ ಪರೀಕ್ಷಿಸಿ ನೋಡಬೇಕೆಂದಿದ್ದರೆ, ಫ್ರಾನ್ಸಿನ ಮೂರನೆಯ ವ್ಯಕ್ತಿ ಹೊಣೆಗಾರಿಕೆಯ ವಾಹನ ವಿಮೆಯ ದತ್ತಾಂಶವೊಂದು ಸಾರ್ವಜನಿಕವಾಗಿ ಸಿಗುತ್ತದೆ. ಜಗತ್ತಿನ ಅನೇಕ ತರಗತಿಗಳಲ್ಲಿ ಅದನ್ನು ಬಳಸುತ್ತಾರೆ. ಅದರಲ್ಲಿ 6,78,013 ಸಾಲುಗಳಿವೆ. ನೂರಕ್ಕೆ ಸುಮಾರು 95 ಪಾಲಿಸಿಗಳಲ್ಲಿ ಒಂದೂ ಕ್ಲೇಮು ಇಲ್ಲ. ‘ಯಾರೂ ಕ್ಲೇಮು ಮಾಡುವುದಿಲ್ಲ’ ಎಂದು ಕಣ್ಣು ಮುಚ್ಚಿ ಹೇಳುವ ಮಾಡೆಲ್ ಕೂಡ ಅಲ್ಲಿ ನೂರಕ್ಕೆ 95 ಸರಿ! ಸಾಫ್ಟ್‌ವೇರ್ ಕಡೆಯಿಂದ ಬಂದವರು ಇದನ್ನು ಅಸಮತೋಲನವೆಂದು ಕರೆದು, ಕ್ಲೇಮು ಇರುವ ಸಾಲುಗಳನ್ನು ನಕಲು ಮಾಡಿ ಸಂಖ್ಯೆ ಸರಿದೂಗಿಸಲು ಹೋಗುತ್ತಾರೆ. ಅಲ್ಲಿಗೆ ದರದ ಲೆಕ್ಕ ಕೆಟ್ಟಿತು. ಏಕೆಂದರೆ ನಮಗೆ ಬೇಕಾದದ್ದು ಯಾರು ಕ್ಲೇಮು ಮಾಡುತ್ತಾರೆ ಎಂಬ ಹೌದು-ಇಲ್ಲದ ಉತ್ತರವಲ್ಲ. ಎಷ್ಟು ಸಂಭವ ಎಂಬ ಸರಿಯಾದ ಸಂಖ್ಯೆ. ಆ ಸಂಖ್ಯೆ ಕ್ಲೇಮುಗಳ ವಿರಳತೆಯಲ್ಲೇ ಅಡಗಿದೆ.

ಪದವಿಗೆ ಸೇರುವ ವಿಷಯ: ಈ ಮೇಲಿನದೆಲ್ಲ ನಿಮಗೆ ಹೊಸದೆನಿಸಿದರೆ, ಕೆಲಸ ಬಿಡದೆ ಮಾಡಬಹುದಾದ ಒಂದು ಸ್ನಾತಕೋತ್ತರ ಕೋರ್ಸು ನಿಮಗೆ ಉಪಯುಕ್ತ. ಇದೆಲ್ಲ ಗೊತ್ತಿತ್ತು ಎನಿಸಿದರೆ ಅದೇ ಹಣ ಮತ್ತು ಸಮಯವನ್ನು ಆಕ್ಚುಯರಿ ಪತ್ರಿಕೆಗಳಿಗೆ ಹಾಕಿ. ವಿಮಾ ಕಂಪನಿಗಳಿಗೇ ವಿಮೆ ಕೊಡುವ ಸ್ವಿಸ್ ರೀಯಂಥ ಮರುವಿಮಾ ಕಂಪನಿಯಿಂದ ಹಿಡಿದು ಅಕೋ, ಡಿಜಿಟ್‌ನಂಥ ಹೊಸ ಕಂಪನಿಗಳವರೆಗೆ ನಿಮ್ಮ ಊರಿನಲ್ಲೇ ಈ ಕೆಲಸ ನಡೆಯುತ್ತಿದೆ. ಅದಕ್ಕೂ ಮೊದಲು, ದರ ನಿಗದಿ ತಂಡದವರ ಜೊತೆ ಒಂದು ವಾರ ಕುಳಿತುಕೊಳ್ಳಲು ನಿಮ್ಮ ಮ್ಯಾನೇಜರರ ಅನುಮತಿ ಕೇಳಿ.

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ, ಪಿಯುಸಿಯಲ್ಲಿಯೂ ಗಣಿತ ಇರಲಿಲ್ಲ. ಈ ಕ್ಷೇತ್ರಕ್ಕೆ ಬರಬಹುದೆ?
— ಪದವೀಧರ, ಗದಗ

ಉತ್ತರ: ವಿಮಾ ಕ್ಷೇತ್ರಕ್ಕೆ ಖಂಡಿತ ಬರಬಹುದು, ಮಾಡೆಲ್ ಕಟ್ಟುವ ಕೆಲಸಕ್ಕೆ ನೇರವಾಗಿ ಬರುವುದು ಕಷ್ಟ. ಕಲನಶಾಸ್ತ್ರ ಮತ್ತು ಸಂಭವನೀಯತೆ ಇಲ್ಲದೆ ಸೇರಿಸಿಕೊಳ್ಳುವ ಸ್ನಾತಕೋತ್ತರ ಕೋರ್ಸುಗಳಿವೆ, ಅವು ಬಟನ್ ಒತ್ತುವುದನ್ನು ಕಲಿಸಿ ಕಳುಹಿಸುತ್ತವೆ. ನೀವು ಮುಂಬಯಿಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ನಡೆಸುವ ಲೈಸೆನ್ಶಿಯೇಟ್, ಅಸೋಸಿಯೇಟ್ ಪರೀಕ್ಷೆಗಳನ್ನು ಬರೆದು, ಅಂಡರ್‌ರೈಟಿಂಗ್ (ಯಾರಿಗೆ ಯಾವ ಷರತ್ತಿನ ಮೇಲೆ ವಿಮೆ ಕೊಡುವುದೆಂದು ತೀರ್ಮಾನಿಸುವ) ಅಥವಾ ಕ್ಲೇಮು ವಿಭಾಗದಲ್ಲಿ ಕೆಲಸಕ್ಕೆ ಸೇರಿ, ಸಂಜೆಯ ಹೊತ್ತು ಪಿಯುಸಿ ಗಣಿತದಿಂದ ಶುರುಮಾಡಿ ಮೇಲೇರಿ. ನನ್ನ ಕಣ್ಣು ತೆರೆಸಿದ, ಮೊದಲ ಉತ್ತರದಲ್ಲಿ ಹೇಳಿದ ಆ ಹಿರಿಯರು ವಾಣಿಜ್ಯ ಪದವೀಧರರೇ.

ಪ್ರಶ್ನೆ: ನಮ್ಮ ಮಗ ಇಂಜಿನಿಯರಿಂಗ್ ಮುಗಿಸಿ, ಅಮೆರಿಕದಲ್ಲಿ ವಿಮೆಯ ಪ್ರೆಡಿಕ್ಟಿವ್ ಅನಲಿಟಿಕ್ಸ್ ವಿಷಯದಲ್ಲಿ ಎಂ.ಎಸ್. ಮಾಡುತ್ತೇನೆ ಎನ್ನುತ್ತಾನೆ. ಮನೆ ಅಡವಿಟ್ಟು ನಲವತ್ತು ಲಕ್ಷ ಸಾಲ ಮಾಡಬೇಕು. ನನಗೆ ಈ ವಿಷಯ ಅರ್ಥವಾಗುವುದಿಲ್ಲ. ತಾವು ದಾರಿ ತೋರಿಸಬೇಕು.
— ಒಬ್ಬ ತಂದೆ, ಶಿವಮೊಗ್ಗ

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಮೊದಲು ವಿಷಯದ ಬಗ್ಗೆ ಧೈರ್ಯ ಹೇಳುತ್ತೇನೆ: ನಿಮ್ಮ ಮಗ ಆರಿಸಿಕೊಂಡದ್ದು ಗಾಳಿಮಾತಿನ ವಿಷಯವಲ್ಲ. ಅಲ್ಲಿನ ಸೊಸೈಟಿ ಆಫ್ ಆಕ್ಚುಯರೀಸ್ 2018ರಲ್ಲಿ ಪ್ರೆಡಿಕ್ಟಿವ್ ಅನಲಿಟಿಕ್ಸ್ ಎಂಬ ಪತ್ರಿಕೆಯನ್ನೇ ತನ್ನ ಪರೀಕ್ಷೆಗಳಲ್ಲಿ ಸೇರಿಸಿತು. ಅದರಲ್ಲಿ ಮಾಡೆಲ್ ಏಕೆ ಹೀಗೆ ಆರಿಸಿದೆ ಎಂದು ವಾಕ್ಯಗಳಲ್ಲಿ ಬರೆದು ವಿವರಿಸಬೇಕು. ಸರಿ ಉತ್ತರಕ್ಕೆ ಗುರುತು ಹಾಕಿ ಬರುವಂಥದ್ದಲ್ಲ. ಇಲಿನಾಯ್, ವಿಸ್ಕಾನ್ಸಿನ್, ಕನೆಕ್ಟಿಕಟ್ ವಿಶ್ವವಿದ್ಯಾಲಯಗಳು, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ಆಕ್ಚುಯರಿ ವಿದ್ಯೆಗೆ ಹೆಸರಾದವು.

ಆದರೆ ಮನೆಯ ಪತ್ರವನ್ನು ಬ್ಯಾಂಕಿಗೆ ಕೊಡುವ ಮೊದಲು ಎರಡು ಸಂಗತಿಗಳನ್ನು ಮಗನೊಂದಿಗೆ ಕೂತು ಮಾತಾಡಿ. ವಿಮೆ ಎಂಬುದು ಆಯಾ ನೆಲದ ಕಾನೂನಿಗೆ ಕಟ್ಟುಬಿದ್ದ ವ್ಯವಹಾರ. ಅಮೆರಿಕದಲ್ಲಿ ವಿಮೆಯನ್ನು ನಿಯಂತ್ರಿಸುವುದು ರಾಜ್ಯಗಳು. ಬಹುತೇಕ ಕಡೆ ಸಾಲ ಮರುಪಾವತಿಯ ಇತಿಹಾಸ ನೋಡಿ ಕಾರಿನ ವಿಮೆಯ ದರ ಹಾಕಬಹುದು, ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್‌ಗಳಲ್ಲಿ ಹಾಗೆ ಮಾಡುವಂತಿಲ್ಲ. ನಮ್ಮಲ್ಲಾದರೋ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯವಾದ ಮೂರನೆಯ ವ್ಯಕ್ತಿ ವಿಮೆಯ ಪ್ರೀಮಿಯಂ ಅನ್ನು ಸರ್ಕಾರವೇ, ಕಾರು, ಬೈಕುಗಳಿಗಾದರೆ ಸಾಮಾನ್ಯವಾಗಿ ಎಂಜಿನ್ನಿನ ಸಿಸಿ ನೋಡಿ, ನಿಗದಿ ಮಾಡುತ್ತದೆ. ಕಂಪನಿಗೆ ದರದ ಸ್ವಾತಂತ್ರ್ಯ ಸಿಕ್ಕಿದ್ದು ಸ್ವಂತ ಗಾಡಿಯ ಹಾನಿಯ ಭಾಗಕ್ಕೆ ಮಾತ್ರ, ಅದೂ 2007ರಿಂದ ಈಚೆಗೆ. ಗಣಿತ ಎಲ್ಲಿಯಾದರೂ ಒಂದೇ, ಆದರೆ ಅಲ್ಲಿ ಕಲಿತ ವ್ಯವಹಾರದ ಪಾಠದ ಒಂದು ಭಾಗವನ್ನು ಇಲ್ಲಿಗೆ ಬಂದರೆ ಮತ್ತೆ ಕಲಿಯಬೇಕಾಗುತ್ತದೆ ಎಂಬುದು ಗೊತ್ತಿರಲಿ.

ಎರಡನೆಯದು ಸಾಲ ತೀರುವ ದಾರಿ. ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿರುವ ಕೋರ್ಸು ಮುಗಿಸಿದವರಿಗೆ ಈಗಿರುವ ನಿಯಮದಂತೆ 12 ತಿಂಗಳು, ಅದರ ಮೇಲೆ 24 ತಿಂಗಳು ಅಲ್ಲಿ ಕೆಲಸ ಮಾಡಲು ಅವಕಾಶವಿದೆ. ಆಮೇಲಿನದು ವೀಸಾದ ಅದೃಷ್ಟ. ಮಗ ಹೇಳುವ ಕೋರ್ಸು ಆ ಪಟ್ಟಿಯಲ್ಲಿದೆಯೇ ಎಂದು ವಿಶ್ವವಿದ್ಯಾಲಯದಿಂದ ಬರಹದಲ್ಲಿ ತರಿಸಿಕೊಳ್ಳಿ. ಜೊತೆಗೆ ಒಂದು ಸಣ್ಣ ಪರೀಕ್ಷೆಯನ್ನು ಮಗನಿಗೆ ಇಡಬಹುದು. ಮುಂದಿನ ಆರು ತಿಂಗಳಲ್ಲಿ, ಮನೆಯಲ್ಲೇ ಓದಿಕೊಂಡು, ಇಲ್ಲಿನ ಸಿಎಸ್1 ಪತ್ರಿಕೆಯನ್ನೋ ಅಥವಾ ಅಲ್ಲಿನ ಮೊದಲ ಪತ್ರಿಕೆಯಾದ ಸಂಭವನೀಯತೆಯನ್ನೋ ಬರೆದು ತೇರ್ಗಡೆಯಾಗಲಿ. ತೇರ್ಗಡೆಯಾದರೆ ಅವನಿಗೆ ಈ ವಿಷಯದಲ್ಲಿ ನಿಜವಾದ ಒಲವಿದೆ ಎಂದು ನಿಮಗೂ ಅವನಿಗೂ ಗೊತ್ತಾಗುತ್ತದೆ, ಉದ್ಯೋಗ ಹುಡುಕುವಾಗಲೂ ಅದು ನೆರವಿಗೆ ಬರುತ್ತದೆ. ಆರು ತಿಂಗಳಲ್ಲಿ ಆಸಕ್ತಿ ಬತ್ತಿದರೆ ಮನೆ ಉಳಿಯಿತು.

ಪ್ರಶ್ನೆ: ಕೃಷಿ ಅರ್ಥಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ನಮ್ಮದು ರೈತ ಕುಟುಂಬ. ಎರಡು ವರ್ಷದ ಹಿಂದೆ ನಮ್ಮ ಹೊಲದಲ್ಲಿ ಬೆಳೆ ಪೂರ್ತಿ ಹೋದರೂ ವಿಮೆಯ ಹಣ ಬರಲಿಲ್ಲ, ಪಕ್ಕದ ಪಂಚಾಯಿತಿಯವರಿಗೆ ಬಂತು. ಮುನ್ಸೂಚಕ ವಿಶ್ಲೇಷಣೆ ಬಳಸಿ ಬೆಳೆ ವಿಮೆಯ ಮೇಲೆ ಪ್ರಬಂಧ ಬರೆಯಬೇಕೆಂದಿದ್ದೇನೆ. ಯಾವ ಪ್ರಶ್ನೆ ಹಿಡಿಯಲಿ?
— ವಿದ್ಯಾರ್ಥಿನಿ, ರಾಯಚೂರು

ಉತ್ತರ: ತಂಗೀ, ನಿನ್ನ ಮನೆಗೆ ಆದದ್ದೇ ನಿನ್ನ ಸಂಶೋಧನೆಯ ಪ್ರಶ್ನೆ. ಈ ಪತ್ರವನ್ನು ಓದಿದಾಗ, ಇಂಥದ್ದನ್ನು ಅನುಭವಿಸಿದವರೇ ಈ ವಿದ್ಯೆಗೆ ಬರಬೇಕು ಎಂದು ಅನಿಸಿತು.

2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟುವುದು ವಿಮಾ ಮೊತ್ತದ ಶೇಕಡಾ 2 ಮುಂಗಾರಿಗೆ, ಶೇಕಡಾ 1.5 ಹಿಂಗಾರಿಗೆ, ಶೇಕಡಾ 5 ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ. ನಷ್ಟವನ್ನು ಅಳೆಯುವುದು ಮುಖ್ಯವಾಗಿ ಒಬ್ಬೊಬ್ಬರ ಹೊಲದಲ್ಲಲ್ಲ, ವಿಮಾ ಘಟಕದಲ್ಲಿ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿಯನ್ನು ತೆಗೆದು, ಅದನ್ನು ನಿಗದಿತ ಹೊಣೆಯ ಪ್ರಮಾಣದಿಂದ ಗುಣಿಸಿ ಒಂದು ಹೊಸ್ತಿಲು ಇಳುವರಿ ಇಡುತ್ತಾರೆ. ಹೊಸ್ತಿಲು ಎಕರೆಗೆ 10 ಕ್ವಿಂಟಲ್, ಈ ವರ್ಷ ಪಂಚಾಯಿತಿಯ ಸರಾಸರಿ 7 ಕ್ವಿಂಟಲ್, ಎಕರೆಗೆ ವಿಮಾ ಮೊತ್ತ 40,000 ರೂಪಾಯಿ ಎಂದಿಟ್ಟುಕೊಂಡರೆ, ಹತ್ತರಲ್ಲಿ ಮೂರು ಪಾಲು ಕೊರತೆಯಾದ್ದರಿಂದ 12,000 ರೂಪಾಯಿ ಪರಿಹಾರ. ಪಂಚಾಯಿತಿಯ ಸರಾಸರಿ 10 ಮುಟ್ಟಿಬಿಟ್ಟರೆ, ನಿಮ್ಮ ಹೊಲದಲ್ಲಿ ಒಂದು ತೆನೆ ನಿಲ್ಲದಿದ್ದರೂ ಈ ಲೆಕ್ಕದಲ್ಲಿ ಸೊನ್ನೆ.

ಆ ಸರಾಸರಿ ಬರುವುದು ಮುಖ್ಯವಾಗಿ ಬೆಳೆ ಕಟಾವು ಪ್ರಯೋಗದಿಂದ. ಹೊಲ ಆರಿಸಿ, ಭತ್ತ, ಜೋಳದಂಥ ಬೆಳೆಗಳಲ್ಲಿ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡಿಗೆ ಹಗ್ಗ ಕಟ್ಟಿ, ಅದರೊಳಗಿನ ಬೆಳೆಯನ್ನಷ್ಟೇ ಕೊಯ್ದು, ಬಡಿದು, ತೂಗಿ, ತೂಕವನ್ನು ಮೊಬೈಲಿನಲ್ಲಿ ದಾಖಲಿಸುತ್ತಾರೆ. ಪಂಚಾಯಿತಿಗೆ ಮುಖ್ಯ ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗ. ಸಾವಿರಾರು ಎಕರೆಯ ಮಾತನ್ನು ನಾಲ್ಕು ತುಂಡು ಹೇಳಬೇಕು! ಸಂಖ್ಯಾಶಾಸ್ತ್ರ ಬಲ್ಲವರಿಗೆ ಇಲ್ಲಿಯೇ ಕೆಲಸ ಶುರು. ಪಂಚಾಯಿತಿಯೊಳಗೆ ಹೊಲದಿಂದ ಹೊಲಕ್ಕೆ ಇಳುವರಿ ಎಷ್ಟು ಏರುಪೇರಾಗುತ್ತದೆ, ನಾಲ್ಕರ ಬದಲು ಎಂಟು ತುಂಡು ಕೊಯ್ದರೆ ತಪ್ಪು ಎಷ್ಟು ತಗ್ಗುತ್ತದೆ, ನೀರಾವರಿ ಹೊಲವನ್ನೂ ಮಳೆಯಾಶ್ರಿತ ಹೊಲವನ್ನೂ ಒಂದೇ ಸರಾಸರಿಯಲ್ಲಿ ಬೆರೆಸಿದರೆ ಯಾರಿಗೆ ಅನ್ಯಾಯವಾಗುತ್ತದೆ, ಈ ಮೂರರಲ್ಲಿ ಒಂದನ್ನೇ ಹಿಡಿದರೂ ಒಳ್ಳೆಯ ಪ್ರಬಂಧವಾಗುತ್ತದೆ. ನಿಜವಾಗಿ ಆದ ನಷ್ಟಕ್ಕೂ ಸಿಕ್ಕ ಪರಿಹಾರಕ್ಕೂ ನಡುವಿನ ಈ ಅಂತರವನ್ನು ವಿಮೆಯವರು ಬೇಸಿಸ್ ರಿಸ್ಕ್ ಎಂದು ಕರೆಯುತ್ತಾರೆ. ನಿನ್ನ ಶೀರ್ಷಿಕೆಯಲ್ಲಿ ಆ ಪದ ಇರಲಿ.

ದತ್ತಾಂಶಕ್ಕೆ ಬೇರೆ ರಾಜ್ಯದವರಿಗಿಂತ ನಿನಗೆ ಅನುಕೂಲ ಹೆಚ್ಚು. ರಾಜ್ಯದ ‘ಸಂರಕ್ಷಣೆ’ ಪೋರ್ಟಲ್ ಬೆಳೆ ವಿಮೆಗಾಗಿಯೇ ಇರುವಂಥದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಪ್ರತಿ ಸರ್ವೆ ನಂಬರಿನಲ್ಲಿ ಏನು ಬೆಳೆದಿದೆ ಎಂಬ ಬೆಳೆ ಸಮೀಕ್ಷೆ ಇದೆ. ಉಪಗ್ರಹ ಚಿತ್ರಗಳಿಂದ ಹಸಿರಿನ ಸೂಚ್ಯಂಕವನ್ನು ಉಚಿತವಾಗಿ ತೆಗೆಯಬಹುದು. ಇವುಗಳನ್ನು ಕೂಡಿಸಿ ಪಂಚಾಯಿತಿಯ ಇಳುವರಿಯನ್ನು ಅಂದಾಜು ಮಾಡುವ ಮಾಡೆಲ್ ಕಟ್ಟುವಾಗ ಒಂದು ಎಚ್ಚರಿಕೆ: ಒಂದೇ ವರ್ಷದ ಪಂಚಾಯಿತಿಗಳನ್ನು ಕಲಿಕೆಗೆ ಅರ್ಧ, ಪರೀಕ್ಷೆಗೆ ಅರ್ಧ ಎಂದು ಹಂಚಬೇಡ. ಬರ ಬಂದರೆ ಎಲ್ಲರಿಗೂ ಒಟ್ಟಿಗೆ ಬರುತ್ತದೆ, ಅಕ್ಕಪಕ್ಕದ ಪಂಚಾಯಿತಿಗಳು ಒಂದಕ್ಕೊಂದು ಉತ್ತರ ಹೇಳಿಕೊಟ್ಟುಬಿಡುತ್ತವೆ. ಒಂದಿಡೀ ವರ್ಷವನ್ನೇ ಎತ್ತಿಟ್ಟು, ಉಳಿದ ವರ್ಷಗಳಿಂದ ಕಲಿತು, ಎತ್ತಿಟ್ಟ ವರ್ಷದ ಮೇಲೆ ಪರೀಕ್ಷಿಸು. ಫಲಿತಾಂಶ ಮೊದಲಿನಷ್ಟು ಚೆಂದ ಕಾಣುವುದಿಲ್ಲ, ಆದರೆ ನಂಬಬಹುದು. ಸಾಧ್ಯವಾದರೆ ಈ ಸುಗ್ಗಿಯಲ್ಲಿ ಒಂದು ಕಟಾವು ಪ್ರಯೋಗ ನಡೆಯುವಾಗ ಹೊಲದಲ್ಲಿ ನಿಂತು ನೋಡು; ಹಗ್ಗದ ಗೆರೆಯ ಮೇಲೆ ಬಿದ್ದ ಪೈರನ್ನು ಒಳಗೆ ಸೇರಿಸಿದರೋ ಹೊರಗೆ ಬಿಟ್ಟರೋ ಎಂಬುದು ಯಾವ ಪೋರ್ಟಲ್ಲಿನಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಎಂ.ಎಸ್ಸಿ. ಸಂಖ್ಯಾಶಾಸ್ತ್ರಕ್ಕೆ ವಿಮಾ ದತ್ತಾಂಶ ವಿಶ್ಲೇಷಣೆಯ ಐಚ್ಛಿಕ ಪತ್ರಿಕೆಯನ್ನು ಕಲಿಸುತ್ತಿದ್ದೇನೆ. ಮೊದಲ ವಾರವೇ ಒಬ್ಬ ವಿದ್ಯಾರ್ಥಿನಿ, “ಕಾಯಿಲೆ ಬರುವವರನ್ನು ಮೊದಲೇ ಹುಡುಕಿ ಅವರಿಗೇ ಹೆಚ್ಚು ಪ್ರೀಮಿಯಂ ಹಾಕಿದರೆ, ವಿಮೆ ಯಾಕೆ ಬೇಕು ಸರ್?” ಎಂದು ಕೇಳಿದಳು. ನನ್ನ ಉತ್ತರ ನನಗೇ ಸಮಾಧಾನ ತರಲಿಲ್ಲ.
— ಸರ್ಕಾರಿ ಕಾಲೇಜಿನ ಅಧ್ಯಾಪಕರು, ಹಾಸನ

ಉತ್ತರ: ಆ ಪ್ರಶ್ನೆಗೆ ಒಂದು ಇಡೀ ಘಟಕವನ್ನೇ ಮೀಸಲಿಡಿ. ಉದಾಹರಣೆ ನಿಮ್ಮ ಸಂಬಳದ ಚೀಟಿಯಲ್ಲೇ ಇದೆ. ಪ್ರತಿ ತಿಂಗಳು ಕಡಿತವಾಗುವ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಕಂತು, 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಆರಂಭಿಸಿದ ವಿಮೆಯ ಮುಂದುವರಿಕೆ. ಅದು ಕಡ್ಡಾಯ, ಗಟ್ಟಿಮುಟ್ಟಾದವರು ‘ನನಗೆ ಬೇಡ’ ಎಂದು ಹೊರಗುಳಿಯುವಂತಿಲ್ಲ. ಎಲ್ಲರೂ ಒಳಗಿರುವಾಗ ಒಬ್ಬೊಬ್ಬರ ಅಪಾಯವನ್ನೂ ಸೂಕ್ಷ್ಮವಾಗಿ ಜರಡಿ ಹಿಡಿಯುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಸ್ವಇಚ್ಛೆಯ ಮಾರುಕಟ್ಟೆಯಲ್ಲಿ ಹಾಗಲ್ಲ. ಎಲ್ಲರಿಗೂ ಒಂದೇ ದರವಿಟ್ಟ ಕಂಪನಿಯನ್ನು ಕಡಿಮೆ ಅಪಾಯದವರು ತೊರೆದು ಹೋಗುತ್ತಾರೆ, ಹೆಚ್ಚು ಅಪಾಯದವರು ಉಳಿಯುತ್ತಾರೆ, ದರ ಏರುತ್ತದೆ, ಮತ್ತಷ್ಟು ಜನ ಹೋಗುತ್ತಾರೆ. ಮುನ್ಸೂಚಕ ಮಾಡೆಲ್ ಬೇಕಾಗುವುದು ಈ ಕುಸಿತವನ್ನು ತಡೆಯಲು. ಎಷ್ಟು ತಡೆದರೆ ಸಾಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಗಣಿತ ಹೇಳುವುದಿಲ್ಲ; ಅದನ್ನು ಸಮಾಜ ಕಾನೂನಿನ ಮೂಲಕ ಹೇಳುತ್ತದೆ.

ಆ ಕಾನೂನುಗಳನ್ನು ಓದಿಸಿ. 2011ರ ಮಾರ್ಚ್ 1ರಂದು ಯೂರೋಪಿನ ನ್ಯಾಯಾಲಯ, ಹೆಣ್ಣು-ಗಂಡೆಂದು ನೋಡಿ ವಿಮೆಯ ದರ ಹಾಕುವುದನ್ನು 2012ರ ಡಿಸೆಂಬರ್ 21ರಿಂದ ನಿಲ್ಲಿಸಬೇಕೆಂದು ತೀರ್ಪು ಕೊಟ್ಟಿತು. ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ ಎಂಬ ಅಂಕಿಅಂಶ ಸರಿಯಿದ್ದರೂ ಆ ತೀರ್ಪು ಬಂತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ, ದೈಹಿಕ ಕಾಯಿಲೆಗೆ ವಿಮೆ ಕೊಡುವ ರೀತಿಯಲ್ಲೇ ಮಾನಸಿಕ ಕಾಯಿಲೆಗೂ ಕೊಡಬೇಕೆನ್ನುತ್ತದೆ. ಅದೇ ವರ್ಷದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ವಿಮಾಗಣಿತದ ಅಧ್ಯಯನದ ಆಧಾರವಿಲ್ಲದೆ ಸೋಂಕಿತರಿಗೆ ವಿಮೆ ನಿರಾಕರಿಸುವುದನ್ನು ತಾರತಮ್ಯವೆಂದು ಕರೆಯುತ್ತದೆ. ಈ ಎರಡು ಕಾಯ್ದೆಗಳ ನಡುವಿನ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಗುರುತಿಸಲಿ: ಒಂದು ಸಮಾನತೆಯನ್ನು ಕೇಳುತ್ತದೆ, ಇನ್ನೊಂದು ಲೆಕ್ಕದ ಪುರಾವೆಯನ್ನು ಕೇಳುತ್ತದೆ.

ಪ್ರಯೋಗಾಲಯದ ಕೆಲಸಕ್ಕೆ ಮೇಲೆ ಹೇಳಿದ ಫ್ರೆಂಚ್ ದತ್ತಾಂಶವನ್ನೇ ಬಳಸಬಹುದು. ಅದರಲ್ಲಿ ಚಾಲಕರು ಹೆಣ್ಣೋ ಗಂಡೋ ಎಂಬ ಕಾಲಂ ಇಲ್ಲ. ಆದರೆ ಚಾಲಕರ ವಯಸ್ಸು, ಗಾಡಿಯ ಶಕ್ತಿ, ವಾಸದ ಊರಿನ ಜನಸಾಂದ್ರತೆ ಎಲ್ಲ ಇವೆ. ಒಂದು ಗುಂಪಿಗೆ ಎಲ್ಲ ಕಾಲಂಗಳನ್ನೂ ಕೊಡಿ, ಇನ್ನೊಂದು ಗುಂಪಿಗೆ ಜನಸಾಂದ್ರತೆ, ಪ್ರದೇಶ ಮುಂತಾದ ವಾಸಸ್ಥಳದ ಕಾಲಂಗಳನ್ನೆಲ್ಲ ತೆಗೆದು ಕೊಡಿ. ಎರಡೂ ಗುಂಪು ಜಿಎಲ್‌ಎಂ ಕಟ್ಟಲಿ. ಬಳಿಕ ಎರಡರ ಪ್ರೀಮಿಯಂಗಳನ್ನು ಅಕ್ಕಪಕ್ಕ ಇಟ್ಟು, ಯಾರ ದರ ಏರಿತು, ಯಾರ ದರ ಇಳಿಯಿತು, ಏರಿದವರು ಎಂಥವರು ಎಂಬುದನ್ನು ಒಂದು ಪುಟದಲ್ಲಿ ಬರೆಯಲಿ. ಆ ಒಂದು ಪುಟಕ್ಕೆ, ಮಾಡೆಲ್‌ನ ನಿಖರತೆಗೆ ಕೊಡುವಷ್ಟೇ ಅಂಕ ಕೊಡಿ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯನ್ನು ಎರಡನೆಯ ಗುಂಪಿಗೆ ಹಾಕಿ. ಅವಳು ಏನು ಬರೆದಳೆಂದು ನನಗೂ ತಿಳಿಸಿದರೆ ಸಂತೋಷ.